ಅಘನಾಶಿನಿ ಅಳಿವೆಯನ್ನು ಕಾದವರ ಮಾತು ಯೋಜನೆಯೊಳಗೆ ಬರಲಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳ ನೀರನ್ನು ಘಟ್ಟದಾಚೆ ಪೂರ್ವಕ್ಕೆ ಒಯ್ಯುವ ಬೇಡ್ತಿ–ವರದಾ ಮತ್ತು ಅಘನಾಶಿನಿ–ವೇದಾವತಿ ನದಿ ಜೋಡಣೆಯ ಪ್ರಸ್ತಾಪಗಳು ಚರ್ಚೆಗೆ ಬಂದಾಗಿನಿಂದ ನಮ್ಮ ಜಿಲ್ಲೆಯ ಹೊಳೆಗಳ ಬಗ್ಗೆ ಒಂದು ಮಾತನ್ನು ಪದೇಪದೇ ಕೇಳುತ್ತಿದ್ದೇನೆ. ಪಶ್ಚಿಮಕ್ಕೆ ಹರಿಯುವ ನೀರೆಲ್ಲ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ ಎಂಬುದು ಆ ಮಾತು. ಹಾಗೆನ್ನುವವರೆಲ್ಲ ನಮ್ಮ ಮೇಲೆ ಹಗೆಯಿಂದ ಅನ್ನುತ್ತಾರೆಂದು ನಾನು ತಿಳಿದಿಲ್ಲ. ಚಿತ್ರದುರ್ಗದ ಕಡೆಯ ರೈತರ ನೀರಿನ ಬವಣೆ ನಿಜವಾದದ್ದು, ಅದಕ್ಕೆ ಪರಿಹಾರ ಬೇಕೆಂಬುದೂ ನಿಜ. ಆದರೆ ಹೊಳೆ ಕಡಲನ್ನು ಕೂಡುವ ಜಾಗದಲ್ಲಿ ಹುಟ್ಟಿ, ಅದರ ಕೆಸರಿನಲ್ಲಿ ಕಾಲೂರಿ ಬೆಳೆದವಳಾದ ನನಗೆ ಅಲ್ಲಿ ವ್ಯರ್ಥವಾಗುವ ನೀರು ಯಾವುದು ಎಂಬುದು ಈ ವಯಸ್ಸಿನವರೆಗೂ ಕಣ್ಣಿಗೆ ಬಿದ್ದಿಲ್ಲ. ಕುಮಟಾ ತಾಲೂಕಿನ ಗಜನಿ (ಉಪ್ಪುನೀರಿನ ಗದ್ದೆಬಯಲು) ಬದಿಯ ಊರೊಂದರಲ್ಲಿ ವಾಸವಾಗಿರುವ ನಿವೃತ್ತ ಶಿಕ್ಷಕಿಯಾಗಿ, ಅಘನಾಶಿನಿಯ ಅಳಿವೆಯನ್ನು ಇಲ್ಲಿಯ ಜನ ಹೇಗೆ ಕಾದುಕೊಂಡು ಬಂದಿದ್ದಾರೆ ಮತ್ತು ಇನ್ನು ಮುಂದೆ ಅದನ್ನು ಕಾಯುವ ಯೋಜನೆಗಳಲ್ಲಿ ಅವರ ಸ್ಥಾನವೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ಮನ್ನಿಸಬೇಕು.

ಶಿರಸಿಯ ಶಂಕರಹೊಂಡದ ಬಳಿ ಹುಟ್ಟುವ ಹಳ್ಳವೂ ಮಂಜಗುಣಿಯ ಕಡೆಯಿಂದ ಬರುವ ಹಳ್ಳವೂ ಕೂಡಿ ಆದ ಈ ನದಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಘಟ್ಟದ ಕಾಡನ್ನು ಹಾದು, ದಿವಗಿ, ಮಿರ್ಜಾನದ ಬಯಲಿನಲ್ಲಿ ಅಗಲವಾಗಿ, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಜಿಲ್ಲೆಯ ದೊಡ್ಡ ನದಿಗಳ ಪೈಕಿ ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಗದೆ ಹುಟ್ಟಿದಲ್ಲಿಂದ ಕಡಲವರೆಗೆ ತನ್ನ ಲಯದಲ್ಲಿಯೇ ಹರಿಯುತ್ತಿರುವ ನದಿ ಇದು. ಈ ಲಯವೆಂದರೆ ಏನೆಂಬುದು ಅಳಿವೆಯ ಜನರಿಗೆ ಪುಸ್ತಕ ನೋಡದೆಯೇ ಗೊತ್ತು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ, ಸಿಹಿಯಾಗಿ ತುಂಬಿ ಹರಿದು ಉಪ್ಪುನೀರನ್ನು ಹೊಳೆಯ ಬಾಯಿಯವರೆಗೂ ತಳ್ಳುತ್ತದೆ. ನವರಾತ್ರಿ ಕಳೆಯುತ್ತಿದ್ದಂತೆ ನೀರು ತಿಳಿಯಾಗಿ, ದಿನಕ್ಕೆರಡು ಬಾರಿ ಏರುವ ಭರತದೊಡನೆ, ಅಂದರೆ ಕಡಲ ಉಬ್ಬರದೊಡನೆ, ಉಪ್ಪು ನಿಧಾನವಾಗಿ ಒಳಗೆ ಬರುತ್ತದೆ. ಬೇಸಿಗೆಯ ಹೊತ್ತಿಗೆ ಬಾಯಿಯ ಬಳಿ ಕಡಲಷ್ಟೇ ಉಪ್ಪು, ಮೇಲಕ್ಕೆ ಹೋದಂತೆ ಸಪ್ಪೆ, ಇನ್ನೂ ಮೇಲೆ ಸಿಹಿ, ಹೀಗೆ ಒಂದೇ ಹೊಳೆಯಲ್ಲಿ ಹಲವು ನೀರುಗಳಿರುತ್ತವೆ. ಒಂದೊಂದು ನೀರಿಗೂ ಒಂದೊಂದು ಜೀವ ಹೊಂದಿಕೊಂಡಿದೆ. ಬಾಯಿಗೆ ಹತ್ತಿರದ ಮರಳುಗೆಸರಿನಲ್ಲಿ ಸಿಗುವ ಬಳಚು ಎಂಬ ಚಿಪ್ಪುಜೀವಿಯ ಜಾತಿ ಮೇಲಿನ ಸಪ್ಪೆ ನೀರಿನಲ್ಲಿ ಸಿಗುವುದಿಲ್ಲ, ಅಲ್ಲಿ ಸಿಗುವ ಚಿಪ್ಪಿಕಲ್ಲು ಇಲ್ಲಿ ಸಿಗುವುದಿಲ್ಲ. ಬಂಡೆಗೆ ಅಂಟುವ ನೀಲಿಕಲ್ಲು ಮತ್ತು ಕಲ್ವಾ ಎಂಬ ಚಿಪ್ಪುಜೀವಿಗಳಿಗೆ ಅವುಗಳದೇ ಜಾಗವಿದೆ.

ನಾನು ಚಿಕ್ಕವಳಿದ್ದಾಗ ಅವ್ವ ನನ್ನನ್ನು ಇಳಿತದ ಹೊತ್ತಿಗೆ ಬುಟ್ಟಿಯೊಂದಿಗೆ ಕರೆದುಕೊಂಡು ಹೋಗುತ್ತಿದ್ದಳು. ಮೊಣಕಾಲು ನೀರಿನಲ್ಲಿ ಪಾದದಿಂದಲೇ ಕೆಸರು ಸವರಿ ಬಳಚು ಎಲ್ಲಿದೆ ಎಂದು ತಿಳಿಯುವುದನ್ನು ಅವಳೇ ಕಲಿಸಿದ್ದು. ಕೈಗೆ ಬಂದದ್ದನ್ನೆಲ್ಲ ಬುಟ್ಟಿಗೆ ಹಾಕಿದರೆ ಗದರುತ್ತಿದ್ದಳು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಷ್ಟೇ ಇರುವ ಮರಿಗಳನ್ನು ಅಲ್ಲಿಯೇ ಬಿಡಬೇಕು, ಒಂದೇ ಜಾಗವನ್ನು ದಿನವೂ ಕೆದಕಬಾರದು, ಹಬ್ಬಕ್ಕೆ ನೆಂಟರು ಬಂದರೂ ಬೇಕಾದಷ್ಟೇ ತರಬೇಕು ಎಂಬುದು ಅವಳ ಕಟ್ಟಳೆಯಾಗಿತ್ತು. ಈ ಕಟ್ಟಳೆಯನ್ನು ಯಾವ ಇಲಾಖೆಯೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅಂಬಿಗರು, ಹರಿಕಂತ್ರರು, ಹಾಲಕ್ಕಿ ಒಕ್ಕಲಿಗರು, ಪಟಗಾರರು, ಹೀಗೆ ಅಳಿವೆಯ ಸುತ್ತಲಿನ ಎಲ್ಲ ಸಮುದಾಯಗಳ ಹೆಂಗಸರು ಒಂದೇ ಕೆಸರಿನಲ್ಲಿ ಇಳಿಯುತ್ತಿದ್ದುದರಿಂದ, ಒಬ್ಬಳು ಅತಿಯಾಸೆಪಟ್ಟರೆ ನಾಳೆ ಎಲ್ಲರ ಬುಟ್ಟಿಯೂ ಖಾಲಿ ಎಂಬ ತಿಳಿವಳಿಕೆ ಯಾರೂ ಬರೆಯದೆ ನಡೆದುಬಂದಿತ್ತು.

ಈ ಬುಟ್ಟಿಗಳ ಒಟ್ಟು ತೂಕವೆಷ್ಟು ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಲೆಕ್ಕ ಹಾಕಿದಾಗ ನಮಗೇ ಆಶ್ಚರ್ಯವಾಯಿತು. ಕುಮಟೆಯ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಡಾ. ಎಂ.ಡಿ. ಸುಭಾಶ್ಚಂದ್ರನ್ ಮತ್ತು ಡಾ. ಟಿ.ವಿ. ರಾಮಚಂದ್ರ ಅವರು ತಮ್ಮ ಸಂಗಡಿಗರೊಂದಿಗೆ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳನ್ನು ತೆಗೆಯಲಾಗುತ್ತಿತ್ತು. ಆಗಿನ ಬೆಲೆಯಲ್ಲಿಯೇ ಅದರ ಮೌಲ್ಯ 5 ಕೋಟಿ ರೂಪಾಯಿಗಳನ್ನು ಮೀರಿತ್ತು. ತೆಗೆಯುವುದು, ಬೇಯಿಸಿ ಸುಲಿಯುವುದು, ಮಾರುವುದು ಸೇರಿ 2,300ಕ್ಕೂ ಹೆಚ್ಚು ಮಂದಿಗೆ ಅದು ದುಡಿಮೆಯಾಗಿತ್ತು, ಮತ್ತು ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು. ಮೀನಿನ ಲೆಕ್ಕ ಇದರಲ್ಲಿ ಸೇರಿಲ್ಲ. ಶೆಟ್ಲಿ (ಸೀಗಡಿ), ಏಡಿಗಳ ಲೆಕ್ಕವೂ ಇಲ್ಲ. ಅಳಿವೆಯಲ್ಲಿ ಮರಿಯಾಗಿ ಬೆಳೆದು ಕಡಲಿಗೆ ಹೋಗಿ, ಮುಂದೆ ಎಲ್ಲಿಯೋ ದೂರದ ದೋಣಿಯವನ ಬಲೆಗೆ ಬೀಳುವ ಮೀನಿನ ಲೆಕ್ಕವನ್ನಂತೂ ಯಾರು ಇಡಬೇಕು? ಯಂತ್ರವಿಲ್ಲದೆ, ಸಾಲವಿಲ್ಲದೆ, ಭೂಮಿಯ ಪಹಣಿಯಿಲ್ಲದೆ, ಒಂದು ಬುಟ್ಟಿ ಮತ್ತು ಎರಡು ಕಾಲುಗಳನ್ನೇ ಬಂಡವಾಳವಾಗಿ ಇಟ್ಟುಕೊಂಡ ಹೆಂಗಸಿಗೆ ನಗದು ಕೊಡುವ ಬೇರೊಂದು ಉದ್ಯೋಗವನ್ನು ನಾನು ಈ ಕರಾವಳಿಯಲ್ಲಿ ಕಂಡಿಲ್ಲ.

ಸಿಹಿನೀರಿನ ಲಯ ಕೆಟ್ಟರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ, ಹೊನ್ನಾವರಕ್ಕೆ ಹೋದರೆ ಸಾಕು. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಆಮೇಲೆ ಗೇರುಸೊಪ್ಪೆಯಲ್ಲಿಯೂ ಒಂದು ಬಂತು. ವಿದ್ಯುತ್ ಉತ್ಪಾದನೆಗೆಂದು ವರ್ಷವಿಡೀ ಬಿಡುವ ನೀರಿನಿಂದಾಗಿ, ಬೇಸಿಗೆಯಲ್ಲಿ ಉಪ್ಪೇರಬೇಕಾದ ಅಳಿವೆಯಲ್ಲಿ ಸಿಹಿನೀರೇ ನಿಂತಿತು, ಮತ್ತು ಉಪ್ಪನ್ನು ನಂಬಿದ ಚಿಪ್ಪುಜೀವಿಗಳೂ ಮೀನುಗಳೂ ಅಲ್ಲಿ ವಿರಳವಾದವು. ಅಲ್ಲಿ ಕಡಲಿಗೆ ಹೋಗುವ ನೀರು ಕಡಿಮೆಯಾದದ್ದಲ್ಲ, ಹೋಗುವ ಕಾಲ ಬದಲಾದದ್ದು ಎಂಬುದನ್ನು ಗಮನಿಸಬೇಕು. ಅಷ್ಟರಿಂದಲೇ ಒಂದು ಅಳಿವೆಯ ಬುಟ್ಟಿಗಳು ಬರಿದಾಗುವುದಾದರೆ, ಮಳೆಗಾಲದ ನೀರನ್ನು ಮೇಲೆಯೇ ತಿರುಗಿಸಿ ಘಟ್ಟದಾಚೆ ಒಯ್ದರೆ ಕೆಳಗೆ ಏನಾದೀತು ಎಂದು ಕೇಳುವ ಹಕ್ಕು ನಮಗಿದೆ. ಕಾಡಿನ ತರಗೆಲೆಯ ಸಾರವನ್ನು ಹೊತ್ತು ತರುವುದು ಆ ಕೆಂಪು ನೀರೇ. ಅಳಿವೆಯ ಕೆಸರಿಗೂ ಅದರಾಚೆಯ ಕಡಲಿಗೂ ಆಹಾರ ಕೊಡುವುದೂ ಅದೇ. ಮೀನುಗಾರರು ತಲೆತಲಾಂತರದಿಂದ ನದಿಯ ಬಾಯಿಯ ಎದುರಿನ ನೀರಿನಲ್ಲಿ ಬಲೆ ಹಾಕುತ್ತಾ ಬಂದಿರುವುದಕ್ಕೆ ಕಾರಣವೂ ಇದೇ.

ಅಳಿವೆಯನ್ನು ಜನ ಕಾದದ್ದು ಕೇವಲ ಸಣ್ಣ ಬಳಚನ್ನು ಬಿಟ್ಟು ಅಲ್ಲ. ಗಜನಿಯ ಬಗ್ಗೆ ಘಟ್ಟದ ಮೇಲಿನ ಓದುಗರಿಗೆ ಎರಡು ಮಾತು ಹೇಳಬೇಕು. ಭರತದ ಉಪ್ಪುನೀರು ಬಂದುಹೋಗುವ ತಗ್ಗು ಬಯಲಿಗೆ ಒಡ್ಡು ಕಟ್ಟಿ, ಒಡ್ಡಿನಲ್ಲಿ ಹಲಗೆಯ ಬಾಗಿಲುಗಳನ್ನಿಟ್ಟು, ಮಳೆಗಾಲದಲ್ಲಿ ಉಪ್ಪನ್ನು ಹೊರಗಿಟ್ಟು ಭತ್ತ ಬೆಳೆಯುವುದು, ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಪ್ಪುನೀರನ್ನು ಒಳಗೆ ಬಿಟ್ಟು ಶೆಟ್ಲಿ, ಮೀನು ಹಿಡಿಯುವುದು, ಇದು ಗಜನಿಯ ಪದ್ಧತಿ. ಅಲ್ಲಿ ಬೆಳೆಯುವ ಕಗ್ಗ ಎಂಬ ಭತ್ತ ಉಪ್ಪನ್ನೂ ತಾಳುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ತಾಳುತ್ತದೆ. ಅದಕ್ಕೆ ಗೊಬ್ಬರ ಹಾಕುವವರಿಲ್ಲ, ಔಷಧಿ ಹೊಡೆಯುವವರಿಲ್ಲ. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ದಂಟನ್ನು ಗದ್ದೆಯಲ್ಲಿಯೇ ಬಿಡುತ್ತಾರೆ; ಅದು ಕೊಳೆತು ಬರುವ ಮೀನಿಗೆ ಮೇವಾಗುತ್ತದೆ. ಮೀನಿನ ಹಿಕ್ಕೆ ಮುಂದಿನ ಬೆಳೆಗೆ ಸಾರವಾಗುತ್ತದೆ. ಹಕ್ಕಿಗಳು ಬಂದು ತಿನ್ನುತ್ತವೆ. ಅವು ತಿಂದುಳಿದದ್ದು ನಮ್ಮದು ಎಂಬುದು ಹಿರಿಯರ ಲೆಕ್ಕ.

ಈ ಪದ್ಧತಿಯ ಜೀವ ಇರುವುದು ಒಗ್ಗಟ್ಟಿನಲ್ಲಿ. ಒಬ್ಬ ತನ್ನ ಗದ್ದೆಗೆ ಬೇಕೆಂದು ಬಾಗಿಲು ತೆಗೆದರೆ ನೂರು ಮಂದಿಯ ಗದ್ದೆಗೆ ಉಪ್ಪು ನುಗ್ಗುತ್ತದೆ. ಆದ್ದರಿಂದ ಬಾಗಿಲನ್ನು ಎಂದು ಹಾಕಬೇಕು, ಎಂದು ತೆಗೆಯಬೇಕು, ಒಡ್ಡು ಒಡೆದರೆ ಯಾರ್ಯಾರು ಎಷ್ಟು ಕೂಲಿ ಕೊಡಬೇಕು ಎಂಬುದನ್ನೆಲ್ಲ ರೈತರ ಸಮಿತಿಯೇ ಗೊತ್ತುಮಾಡುತ್ತದೆ. ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ ಬಂದ ಹಣದಲ್ಲಿ ಒಡ್ಡಿನ ದುರಸ್ತಿ ನಡೆಯುತ್ತದೆ. ಮಾಣಿಕಟ್ಟೆಯ ರೈತರು ಎಲ್ಲರೂ ಕೂಡಿ ಕಗ್ಗ ಬಿತ್ತುವುದನ್ನು ಇಂದಿಗೂ ಬಿಟ್ಟಿಲ್ಲ ಎಂಬುದನ್ನು ಇಲ್ಲಿ ಗೌರವದಿಂದ ನೆನೆಯುತ್ತೇನೆ. ಆದರೆ ಬಹಳಷ್ಟು ಗಜನಿಗಳ ಕಥೆ ಹಾಗಿಲ್ಲ. 1990ರ ದಶಕದಲ್ಲಿ ಸೀಗಡಿ ಕೃಷಿಯ ಹಣ ಕಣ್ಣು ಕುಕ್ಕಿದಾಗ ಅನೇಕ ಕಡೆ ಬಾಗಿಲುಗಳು ವರ್ಷವಿಡೀ ತೆರೆದೇ ಉಳಿದವು, ಭತ್ತ ನಿಂತಿತು. ಬಿಳಿಚುಕ್ಕೆ ರೋಗ ಬಂದು ಸೀಗಡಿಯೂ ಸತ್ತಿತು. ಹೊರಗಿನವರು ಹೋದರು, ಒಡೆದ ಒಡ್ಡು ಮತ್ತು ಉಪ್ಪು ತಿಂದ ಗದ್ದೆ ಊರವರಿಗೆ ಉಳಿಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ತೀವ್ರ ಸೀಗಡಿ ಕೃಷಿಯನ್ನು ತಡೆದು, ಸಾಂಪ್ರದಾಯಿಕ ಪದ್ಧತಿಗಳನ್ನು ಮಾತ್ರ ಉಳಿಸಿದ್ದು ನಮ್ಮಂಥ ಊರುಗಳ ಪಾಲಿಗೆ ದೊಡ್ಡ ತೀರ್ಪು. ಆದರೆ ತೀರ್ಪಿನಿಂದ ಒಡ್ಡು ಮೇಲೇಳುವುದಿಲ್ಲ. ನಮ್ಮ ಊರಿನ ಗಜನಿಯಲ್ಲಿಯೂ ಭತ್ತ ಕಾಣದೆ ಎಷ್ಟೋ ವರ್ಷಗಳಾದವು. ಕಗ್ಗದ ಅಕ್ಕಿಯ ಗಂಜಿ ಉಂಡು ಶಾಲೆಗೆ ಹೋದ ಕೊನೆಯ ತಲೆಮಾರು ಬಹುಶಃ ನನ್ನದೇ.

ಆಮೇಲೆ ಬಂದದ್ದು ತದಡಿಯ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ. ಕಲ್ಲಿದ್ದಲಿನಿಂದ 4,000 ಮೆಗಾವಾಟ್ ಉತ್ಪಾದಿಸುವ ಆ ಯೋಜನೆಯನ್ನು ಮೀನುಗಾರರು, ಗಜನಿಯ ರೈತರು, ಘಟ್ಟದ ಮೇಲಿನ ಅಡಿಕೆ ಬೆಳೆಗಾರರು, ವಿಜ್ಞಾನಿಗಳು ಒಟ್ಟಾಗಿ ವಿರೋಧಿಸಿದರು, ಮತ್ತು ಅದು ಇಲ್ಲಿಗೆ ಬರಲಿಲ್ಲ. ಆ ದಿನಗಳ ಸಭೆಗಳಲ್ಲಿ ನಾನು ಕಂಡ ಒಂದು ಸಂಗತಿಯನ್ನು ಹೇಳದಿರಲಾರೆ. ಎಂದೂ ಬಾಯಿ ತೆರೆಯದ ಹೆಂಗಸರು ಎದ್ದು ನಿಂತು, ಬಿಸಿನೀರು ಹೊಳೆಗೆ ಬಿಟ್ಟರೆ ನಮ್ಮ ಬಳಚು ಬೇಯುವುದು ಮನೆಯ ಪಾತ್ರೆಯಲ್ಲಿ ಅಲ್ಲ, ಹೊಳೆಯಲ್ಲಿಯೇ ಎಂದು ಹೇಳಿದ್ದರು. ಸ್ಥಾವರದ ತಂಪುನೀರಿನ ವ್ಯವಸ್ಥೆಯ ಬಗ್ಗೆ ಅವರಿಗೆ ಯಾರೂ ಪಾಠ ಮಾಡಿರಲಿಲ್ಲ. ಹೊಳೆಯ ನೀರು ಯಾವ ತಿಂಗಳಲ್ಲಿ ಎಷ್ಟು ಬೆಚ್ಚಗಿರುತ್ತದೆ ಎಂಬುದು ಅವರ ಕಾಲಿಗೆ ಗೊತ್ತಿತ್ತು.

ಇಷ್ಟೆಲ್ಲ ಬರೆದದ್ದು ಹಳೆಯದನ್ನು ನೆನೆದು ಸುಖಪಡಲು ಅಲ್ಲ. 2024ರ ಜನವರಿ 31ರಂದು ಕೇಂದ್ರ ಸರ್ಕಾರವು ಪ್ರಕಟಿಸಿದ ಐದು ಹೊಸ ರಾಮ್ಸರ್ ತಾಣಗಳಲ್ಲಿ ಅಘನಾಶಿನಿ ಅಳಿವೆಯೂ ಒಂದು. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರದೊಡನೆ ನಮ್ಮ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಆ ದಿನ ನನಗೆ ಆದ ಸಂತೋಷ ದೊಡ್ಡದು. ಆದರೆ ಮರುದಿನ ಮೀನುಪೇಟೆಗೆ ಹೋದಾಗ ಅಲ್ಲಿ ಸಂತೋಷಕ್ಕಿಂತ ಆತಂಕವೇ ಹೆಚ್ಚಿತ್ತು. "ಇನ್ನು ಹೊಳೆಗೆ ಇಳಿಯಲಿಕ್ಕೆ ಬಿಡ್ತಾರೋ ಇಲ್ಲವೋ, ಟೀಚರೇ?" ಎಂದು ಕೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ, ಅವಳ ಮನೆಯ ಎರಡು ಮಕ್ಕಳ ಓದು ನಡೆಯುವುದು ಬಳಚಿನ ದುಡ್ಡಿನಲ್ಲಿ. ಅಭಯಾರಣ್ಯವೆಂದು ಘೋಷಿಸಿದ ಕಾಡುಗಳಲ್ಲಿ ಸೌದೆಗೆ, ಸೊಪ್ಪಿಗೆ ಹೋದವರು ಕಂಡ ಕಷ್ಟವನ್ನು ಈ ಜಿಲ್ಲೆಯಲ್ಲಿ ಎಲ್ಲರೂ ಕೇಳಿ ಬಲ್ಲರು. ಆದ್ದರಿಂದ ಅವಳ ಆತಂಕವನ್ನು ತಿಳಿಗೇಡಿತನವೆಂದು ತಳ್ಳಿಹಾಕುವಂತಿಲ್ಲ.

ಅವಳಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ, ಭಾರತವು 1982ರಲ್ಲಿ ಸೇರಿಕೊಂಡ ಆ ಒಪ್ಪಂದದ ತಿರುಳು ನಿಷೇಧವಲ್ಲ, ವಿವೇಕದ ಬಳಕೆ. ಜೌಗುಪ್ರದೇಶದ ಗುಣ ಕೆಡದಂತೆ ಅದನ್ನು ನಂಬಿದ ಜನ ಅದನ್ನು ಬಳಸುತ್ತಿರಬೇಕು ಎಂಬುದೇ ಅದರ ಆಶಯ. ಹೆಬ್ಬೆರಳಿನ ಉಗುರಿನ ಅಳತೆ ಹಿಡಿದ ನನ್ನ ಅವ್ವ ಆ ಒಪ್ಪಂದದ ಹೆಸರನ್ನೇ ಕೇಳದೆ ಅದನ್ನು ಪಾಲಿಸಿದ್ದಳು. ಹೀಗಿರುವಾಗ ಅಳಿವೆಯ ನಿರ್ವಹಣೆಯ ಯೋಜನೆಯನ್ನು ಬರೆಯುವವರು ಮೊದಲು ಕೇಳಬೇಕಾದುದು ಯಾರನ್ನು? ಬಳಚು ತೆಗೆಯುವ ಹೆಂಗಸರನ್ನು, ಗಜನಿಯ ಸಮಿತಿಗಳನ್ನು, ಬೀಸುಬಲೆಯ ಮೀನುಗಾರರನ್ನು, ಸಾಣಿಕಟ್ಟೆಯ ಉಪ್ಪಿನಾಗರದ ಕೆಲಸಗಾರರನ್ನು. ಸಭೆಯ ಕೊನೆಗೆ ಅವರಿಂದ ಸಹಿ ಹಾಕಿಸಿಕೊಳ್ಳುವುದು ಕೇಳಿದಂತಾಗುವುದಿಲ್ಲ. ಯೋಜನೆಯ ಕರಡು ಕನ್ನಡದಲ್ಲಿ, ಸುತ್ತಲಿನ ಎಲ್ಲ ಗ್ರಾಮ ಪಂಚಾಯತಿಗಳ ಮುಂದೆ, ಓದಿ ಹೇಳುವ ವ್ಯವಸ್ಥೆಯೊಂದಿಗೆ ಬರಬೇಕು. ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಅದರ ಅಡಿಯಲ್ಲಿ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ತಿಳಿವಳಿಕೆಯನ್ನು ದಾಖಲಿಸುವ ಪುಸ್ತಕವೂ ಇರಬೇಕು. ಅಂಥ ಪುಸ್ತಕದಲ್ಲಿ ಯಾವ ಕೆಸರಿನಲ್ಲಿ ಯಾವ ಚಿಪ್ಪಿ, ಯಾವ ತಿಂಗಳಲ್ಲಿ ಮರಿ, ಎಲ್ಲಿ ಮೊದಲಿತ್ತು, ಈಗೆಲ್ಲಿ ಇಲ್ಲ ಎಂಬುದನ್ನು ಹೆಂಗಸರ ಬಾಯಿಂದಲೇ ಬರೆಸಿದರೆ ಯೋಜನೆಯ ಅರ್ಧ ಕೆಲಸ ಆಯಿತು.

ನಮ್ಮಲ್ಲಿಯೂ ತಪ್ಪುಗಳಿವೆ, ಅದನ್ನು ಮುಚ್ಚಿಟ್ಟು ಬರೆದರೆ ಈ ಪತ್ರಕ್ಕೆ ಬೆಲೆಯಿರುವುದಿಲ್ಲ. ಬಳಚಿಗೆ ಹೊರಗಿನ ಪೇಟೆ ಸಿಕ್ಕ ಮೇಲೆ ಅವ್ವನ ಕಾಲದ ಕಟ್ಟಳೆ ಸಡಿಲವಾಗಿದೆ. ಮಾರುವವನು ತೂಕ ನೋಡುತ್ತಾನೆ, ಗಾತ್ರ ನೋಡುವುದಿಲ್ಲ. ಹಾಗಾಗಿ ಮರಿಗಳೂ ಗೋಣಿಚೀಲ ಸೇರುತ್ತವೆ. ಸುಣ್ಣಕ್ಕೆಂದು, ಕೋಳಿ ಆಹಾರಕ್ಕೆಂದು ತಳದ ಸತ್ತ ಚಿಪ್ಪನ್ನು ಅಗೆಯುವಾಗ ಬದುಕಿರುವ ಚಿಪ್ಪಿಗಳ ನೆಲೆಯೂ ಕದಡುತ್ತದೆ. ಇದಕ್ಕೆ ಪರಿಹಾರವನ್ನು ಕೇರಳದ ಅಷ್ಟಮುಡಿ ಹಿನ್ನೀರಿನವರು ತೋರಿಸಿಕೊಟ್ಟಿದ್ದಾರೆ. ಅಲ್ಲಿಯೂ ನಮ್ಮ ಬಳಚಿನ ಜಾತಿಯೇ. ಅಲ್ಲಿಯೂ ಹೊರದೇಶದ ಬೇಡಿಕೆ ಬಂದು ಇಳುವರಿ ಕುಸಿದಿತ್ತು. 1990ರ ದಶಕದಲ್ಲಿ ಮೀನುಗಾರರೇ ಒಪ್ಪಿಕೊಂಡು ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಚಿಪ್ಪಿ ಮರಿ ಮಾಡುವ ಕಾಲದಲ್ಲಿ, ಹಿಡಿಯುವುದನ್ನು ನಿಲ್ಲಿಸಿದರು. ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಕಿರಿದಾಗಬಾರದು, ಯಂತ್ರದಿಂದ ತೆಗೆಯಬಾರದು ಎಂಬ ನಿಯಮಗಳನ್ನು ತಂದರು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜೊತೆಗಿದ್ದರು. 2014ರಲ್ಲಿ ಆ ಮೀನುಗಾರಿಕೆಗೆ ಸುಸ್ಥಿರತೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ಭಾರತದಲ್ಲಿ ಅದು ಮೊದಲನೆಯದು. ಅದೇ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲಿದೆ, ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವೂ ಕಾರವಾರದ ಕೋಡಿಬಾಗದಲ್ಲಿದೆ. ನಮ್ಮ ಅಳಿವೆಯಲ್ಲಿ ಮರಿ ಮಾಡುವ ತಿಂಗಳು ಯಾವುದು, ಬಿಡಬೇಕಾದ ಗಾತ್ರ ಎಷ್ಟು ಎಂಬುದನ್ನು ಹೆಂಗಸರು ಮತ್ತು ವಿಜ್ಞಾನಿಗಳು ಒಟ್ಟಿಗೆ ಕೂತು ಗೊತ್ತುಮಾಡಿದರೆ, ಮತ್ತು ನಿಲ್ಲಿಸಿದ ತಿಂಗಳುಗಳಿಗೆ ಆ ಮನೆಗಳಿಗೆ ಪರಿಹಾರ ಧನ ಸಿಕ್ಕರೆ, ಆ ನಿಯಮವನ್ನು ಕಾಯಲು ಪೊಲೀಸರು ಬೇಕಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಕಡಲ ಮೀನುಗಾರಿಕೆ ನಿಷೇಧವನ್ನು ಈ ಕರಾವಳಿಯ ಬಂದರುಗಳು ಒಪ್ಪಿ ನಡೆಸಿಕೊಂಡು ಬರುತ್ತಿಲ್ಲವೇ?

ಉಪ್ಪುನೀರಿನ ದಂಡೆಯಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದರ ಬಗ್ಗೆ ಒಳ್ಳೆಯ ಮನಸ್ಸಿನವರ ನಡುವೆಯೇ ತಪ್ಪು ತಿಳಿವಳಿಕೆ ಇದೆ. ಕಾಂಡ್ಲಾ ಒಡ್ಡನ್ನು ಕಾಯುತ್ತದೆ, ದಂಡೆ ಕೊರೆಯದಂತೆ ಹಿಡಿಯುತ್ತದೆ, ಮೀನುಮರಿಗೆ ಆಶ್ರಯ ಕೊಡುತ್ತದೆ. ಅರಣ್ಯ ಇಲಾಖೆಯವರು ಗ್ರಾಮ ಅರಣ್ಯ ಸಮಿತಿಗಳೊಂದಿಗೆ ಅದನ್ನು ನೆಟ್ಟು ಬೆಳೆಸಿದ್ದಾರೆ, ಆ ಕೆಲಸ ಮೆಚ್ಚತಕ್ಕದ್ದು. ಆದರೆ ಇಳಿತದಲ್ಲಿ ಬರಿದಾಗಿ ಕಾಣುವ ಪ್ರತಿಯೊಂದು ಕೆಸರುಬಯಲೂ ಗಿಡವಿಲ್ಲದೆ ಹಾಳುಬಿದ್ದ ಜಾಗವಲ್ಲ. ಅದರ ಕೆಳಗೆ ಬಳಚಿದೆ. ವಲಸೆ ಬರುವ ಹಕ್ಕಿಗಳು ಹುಡುಕುವುದೂ ಆ ಬಯಲನ್ನೇ. ಅಲ್ಲಿ ಸಾಲಾಗಿ ಗಿಡ ನೆಟ್ಟರೆ ಕೆಲವೇ ವರ್ಷಗಳಲ್ಲಿ ಬೇರು ಹೆಣೆದು, ಹೂಳು ತುಂಬಿ, ಹೆಂಗಸರು ಕಾಲಿಡುವಂತಿರುವುದಿಲ್ಲ. ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂಬುದನ್ನು ಸಸಿ ತರುವ ಮೊದಲು ಅವರನ್ನು ಕೇಳಿದರೆ ಗಿಡವೂ ಉಳಿಯುತ್ತದೆ, ಬುಟ್ಟಿಯೂ ಉಳಿಯುತ್ತದೆ.

ಗೋಕರ್ಣದ ಕಡೆ ಹೆಚ್ಚುತ್ತಿರುವ ವಸತಿಗೃಹಗಳ ಕೊಳಚೆಯ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಒಂದೇ ಮಾತು ಸೇರಿಸುತ್ತೇನೆ. ಚಿಪ್ಪುಜೀವಿ ಬದುಕುವುದು ನೀರನ್ನು ಸೋಸಿ. ನೀರಿನಲ್ಲಿ ಏನು ಬಿಡುತ್ತೇವೋ ಅದು ಅದರ ಮೈಯಲ್ಲಿ ಸೇರುತ್ತದೆ, ಅಲ್ಲಿಂದ ನಮ್ಮ ತಟ್ಟೆಗೆ ಬರುತ್ತದೆ. ಅಳಿವೆಗೆ ಸೇರುವ ಹಳ್ಳಗಳಿಗೆ ಸಂಸ್ಕರಿಸದ ಕೊಳಚೆಯನ್ನು ಬಿಡುವುದನ್ನು ತಡೆಯುವುದು ಆದ್ದರಿಂದ ಪ್ರವಾಸೋದ್ಯಮದ ಅಂದಚಂದದ ಪ್ರಶ್ನೆಯಲ್ಲ, ಊಟದ ಪ್ರಶ್ನೆ.

ಕೊನೆಯದಾಗಿ ಘಟ್ಟದ ಮೇಲಿನ ನಮ್ಮ ಬಂಧುಗಳಿಗೆ ಒಂದು ಮಾತು. ರಾಮ್ಸರ್ ಗಡಿ 4,801 ಹೆಕ್ಟೇರಿಗೆ ನಿಲ್ಲುತ್ತದೆ, ಆದರೆ ಅಳಿವೆಗೆ ಬರುವ ನೀರು ನಿಮ್ಮ ಊರಿನದು. ಸಿದ್ದಾಪುರದ ಕಾಡಿನಲ್ಲಿ ಬೇಸಿಗೆಯಲ್ಲಿಯೂ ನೀರು ಹಿಡಿದಿಡುವ ರಾಮಪತ್ರೆ ಜಡ್ಡಿಗಳು (ರಾಮಪತ್ರೆ ಮರಗಳ ಜೌಗು ಕಾಡುಗಳು), ಹಳ್ಳದ ಬದಿಯ ಅಪ್ಪೆಮಿಡಿಯ ಮರಗಳು, ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ನಿಮ್ಮ ಸೊಪ್ಪಿನ ಬೆಟ್ಟಗಳು, ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಕಾಡು, ಇವೆಲ್ಲ ನಮ್ಮ ಹೊಳೆಗೆ ತಾಯಿಬೇರು. ಬೆಟ್ಟದ ಮಣ್ಣು ಕುಸಿದು ಹೊಳೆಗೆ ಬಂದರೆ ಇಲ್ಲಿ ಬಳಚು ಹೂಳಿನಡಿ ಉಸಿರುಗಟ್ಟುತ್ತದೆ. ನದಿ ಜೋಡಣೆಯ ವಿರುದ್ಧ ಶಿರಸಿಯಲ್ಲಿ ನೀವು ಎತ್ತಿರುವ ದನಿಗೆ ಕರಾವಳಿಯವರ ದನಿಯೂ ಸೇರಿದೆ. ಇನ್ನು ಮುಂದೆ ಅಳಿವೆಯ ಸಭೆಗಳಿಗೆ ನೀವೂ ಘಟ್ಟ ಇಳಿದು ಬನ್ನಿ. ನದಿಯ ಮೇಲ್ಭಾಗದ ಯಾವ ಯೋಜನೆಯ ವರದಿಯೇ ಆಗಲಿ, ಕಡಲವರೆಗಿನ ಪರಿಣಾಮವನ್ನೂ, ಬಳಚಿನ ಬುಟ್ಟಿಯ ಲೆಕ್ಕವನ್ನೂ ಸೇರಿಸದೆ ಪೂರ್ಣವಾಗಬಾರದು ಎಂದು ನಾವು ಒಟ್ಟಾಗಿ ಕೇಳೋಣ.

ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನದೊಂದು ಸಣ್ಣ ಕೋರಿಕೆಯಿದೆ. ಅಳಿವೆಯ ಬಗ್ಗೆ ಸಭೆ ಕರೆಯುವಾಗ ದಿನವನ್ನು ಗೊತ್ತುಮಾಡುವ ಮೊದಲು ಪಂಚಾಂಗದಲ್ಲಿ ತಿಥಿ ನೋಡಿ, ಊರವರಲ್ಲಿ ನೀರಿನ ಹೊತ್ತು ಕೇಳಿ. ಕಚೇರಿಯ ಅನುಕೂಲಕ್ಕೆ ಬೆಳಿಗ್ಗೆ ಹತ್ತೂವರೆಗೆ ಕರೆದ ಒಂದು ಸಭೆಗೆ ನಾನು ಹೋಗಿದ್ದೆ. ಅಂದು ಆ ಹೊತ್ತಿಗೆ ಇಳಿತವಿತ್ತು, ಯಾರನ್ನು ಕೇಳಬೇಕಿತ್ತೋ ಅವರೆಲ್ಲ ಸಭಾಭವನದಿಂದ ಅರ್ಧ ಮೈಲು ದೂರದಲ್ಲಿ ಮೊಣಕಾಲು ನೀರಿನಲ್ಲಿ ನಿಂತಿದ್ದರು. ಮುಂದಿನ ಸಭೆಯನ್ನು ಭರತದ ಹೊತ್ತಿಗೆ ಇಟ್ಟರೆ ಅವರು ಬುಟ್ಟಿ ಇಳಿಸಿ, ಕೈಕಾಲು ತೊಳೆದು ಬಂದು ಕೂರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ,
ಕುಮಟಾ ತಾಲೂಕು, ಉತ್ತರ ಕನ್ನಡ